ಗುಡಿಯ ಸಂದಿನ ಹಾಲಕ್ಕಿ

ಐಚ್ಛಿಕ ಕನ್ನಡದ ಅಧ್ಯಯನ ಪ್ರವಾಸವೆಂದರೆ ಶಾಸನ, ಶಿಲ್ಪಗಳನ್ನು ಅರಸಿ ಹೋಗುವುದು ವಾಡಿಕೆ. ಸಾಂಗಲಿ–ಮಿರಜ ಪರಿಸರ ಅದಕ್ಕೆ ತಕ್ಕ ನೆಲವೇ. ಇಂದಿನ ಮಿರಜವೇ ಶಾಸನಗಳ ‘ಮಿರಿಂಜೆ’. ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನ 1024ರ ತಾಮ್ರಶಾಸನ ದೊರೆತದ್ದು ಇಲ್ಲಿ. ಆ ಅರಸನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನೇ ಪ್ರಾಣಿಪಕ್ಷಿಗಳ ಬಾಯಿಂದ ರಾಜನೀತಿಯನ್ನು ನುಡಿಸಿ ಕನ್ನಡಕ್ಕೆ ಪಂಚತಂತ್ರವನ್ನು ಕೊಟ್ಟವನು. ಹೀಗಿದ್ದೂ, ಗುಡಿಯಂಗಳದಲ್ಲಿ ನಿಂತ ನಮ್ಮ ಕಣ್ಣು ಕಲ್ಲಿನ ಅಕ್ಷರವನ್ನು ಬಿಟ್ಟು ಆ ಕಲ್ಲಿನ ಮೇಲೆ ಕುಳಿತ ಹಕ್ಕಿಯತ್ತ ಏಳುವುದಿಲ್ಲ. ಐತಿಹಾಸಿಕ ಸ್ಥಳಗಳಲ್ಲಿ ಪಕ್ಷಿವೀಕ್ಷಣೆಯೂ ಕನ್ನಡ ವಿದ್ಯಾರ್ಥಿಯ ಅಭ್ಯಾಸದ ಭಾಗವಾಗಬೇಕೆಂಬುದು ನನ್ನ ಅಭಿಪ್ರಾಯ.

ಇದಕ್ಕೆ ಸಾಂಗಲಿ ಜಿಲ್ಲೆಯ ಸಾಗರೇಶ್ವರಕ್ಕಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. ದೇವರಾಷ್ಟ್ರೆ ಗ್ರಾಮದ ಬಳಿ ಪ್ರಾಚೀನ ಶಿವಾಲಯವೂ ಅದರ ಸುತ್ತ ಹಲವು ಚಿಕ್ಕ ಗುಡಿಗಳೂ ಇವೆ. ಹತ್ತಿರದ ಬೋಳುಗುಡ್ಡಗಳಲ್ಲಿ ಗಿಡ ನೆಟ್ಟು ಕಾಡು ಬೆಳೆಸಲು ವೃಕ್ಷಮಿತ್ರ ಧೋ. ಮ. ಮೋಹಿತೆಯವರು ಶ್ರಮಿಸಿದರು. 1985ರಲ್ಲಿ ಅದು ಅಭಯಾರಣ್ಯವಾಯಿತು. ವಿಸ್ತಾರ ಕೇವಲ 10.87 ಚದರ ಕಿಲೋಮೀಟರು. ಪೂರ್ವಜರು ಕಟ್ಟಿದ ಗುಡಿ, ನಮ್ಮ ಕಾಲದವರು ಬೆಳೆಸಿದ ಕಾಡು ಎರಡೂ ಅಲ್ಲಿ ನೆರೆಹೊರೆಯಾಗಿವೆ.

‘ಹಕ್ಕಿ ನೋಡುವುದು ಪ್ರಾಣಿಶಾಸ್ತ್ರದವರ ಕೆಲಸ, ನಮ್ಮದಲ್ಲ’ ಎಂಬ ಆಕ್ಷೇಪ ಬರಬಹುದು. ಹಕ್ಕಿ ಅವರದಾಗಲಿ, ಹೆಸರು ನಮ್ಮದು. ಹಳೆಯ ಗೋಡೆಗಳ ಸಂದುಗಳಲ್ಲಿ, ಮರದ ಪೊಟರೆಗಳಲ್ಲಿ ವಾಸಿಸುವ ಪುಟ್ಟ ಗೂಬೆಯನ್ನೇ ನೋಡಿ. ಕನ್ನಡದಲ್ಲಿ ಅದು ಹಾಲಕ್ಕಿ. ನಸುಕಿನಲ್ಲಿ ಬಾಗಿಲಿಗೆ ಬರುವ ಬುಡಬುಡಿಕೆಯವನು ಹಾಲಕ್ಕಿ ನುಡಿಯಿತೆಂದೇ ಶಕುನ ಹೇಳುತ್ತಾನೆ. ಮರಾಠಿಯಲ್ಲಿ ಅದೇ ಗೂಬೆ ಪಿಂಗಳಾ; ಅಲ್ಲಿಯೂ ನಸುಕಿನಲ್ಲಿ ಬಂದು ಭವಿಷ್ಯ ನುಡಿಯುವವನ ಹೆಸರು ಪಿಂಗಳಾ. ಎರಡು ಭಾಷೆಗಳು ಒಂದೇ ಹಕ್ಕಿಯ ದನಿಗೆ ಒಂದೇ ನಂಬಿಕೆಯನ್ನು ಕಟ್ಟಿವೆ. ಗಡಿಯ ಜನಜೀವನ ಹೇಗೆ ಹೆಣೆದುಕೊಂಡಿದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷ್ಯ ಯಾವುದು?

ಹೆಸರುಗಳು ಬೇರೆ ದಾರಿ ಹಿಡಿದಾಗಲೂ ಕಲಿಯುವುದಿದೆ. ನಮ್ಮ ಕಾಜಾಣ ಮರಾಠಿಗರಿಗೆ ಕೋತವಾಲ. ಹದ್ದು, ಕಾಗೆಗಳನ್ನು ಅಟ್ಟಿಸಿಕೊಂಡು ಹೋಗುವ ಅದರ ಗುಣಕ್ಕೆ ಆ ಪದವಿ. ನಮ್ಮ ಗೀಜಗ ಅವರಿಗೆ ಸುಗರಣ, ಎಂದರೆ ಜಾಣ ಗೃಹಿಣಿ. ಆದರೆ ಆ ಗೂಡನ್ನು ನೇಯುವುದು ಗಂಡು ಹಕ್ಕಿ! ಹೆಸರಿನಲ್ಲಿ ಹಕ್ಕಿಯಷ್ಟೇ ಅಲ್ಲ, ಹೆಸರಿಟ್ಟ ಸಮಾಜವೂ ಕಾಣುತ್ತದೆ.

ಕಲ್ಲಿನ ಅಕ್ಷರಕ್ಕೆ ಕಾವಲಿದೆ, ಪ್ರಕಟಿತ ಪಾಠವಿದೆ. ಜತ್ತ, ಮಿರಜ ತಾಲ್ಲೂಕುಗಳ ಹಿರಿಯರ ನಾಲಗೆಯ ಮೇಲಿರುವ ಹಕ್ಕಿಹೆಸರುಗಳಿಗೆ ಅಂಥ ರಕ್ಷೆಯಿಲ್ಲ. ಮೊಮ್ಮಗು ‘ಯಾವುದೋ ಹಕ್ಕಿ’ ಎಂದಷ್ಟೇ ಹೇಳಿದ ದಿನ ಒಂದು ಪದ ಸದ್ದಿಲ್ಲದೆ ಸಾಯುತ್ತದೆ. ಮರಾಠಿಯಲ್ಲಿ ಮಾರುತಿ ಚಿತಂಪಲ್ಲಿಯವರು ‘ಪಕ್ಷಿಕೋಶ’ವನ್ನು ರಚಿಸಿದರು. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳನ್ನು ಕುರಿತು ಪುಸ್ತಕಗಳನ್ನೇ ಬರೆದರು. ಗಡಿಭಾಗದ ಕನ್ನಡದ ಹಕ್ಕಿಹೆಸರುಗಳನ್ನು ಕೂಡಿಡುವ ಹೊಣೆ ಇಲ್ಲಿಯ ವಿದ್ಯಾರ್ಥಿಗಳದು.

ಹಕ್ಕಿಯ ನೆಲೆಯೂ ಉಳಿಯಬೇಕು. ಜೀರ್ಣೋದ್ಧಾರವೆಂದರೆ ಸಿಕ್ಕ ಸಂದುಗಳಿಗೆಲ್ಲ ಸಿಮೆಂಟು ಬಳಿಯುವುದು, ಗುಡಿಯ ಸುತ್ತಲಿನ ಮರ ಕಡಿದು ಹಾಸುಗಲ್ಲು ಹಾಕುವುದು ಎಂಬ ತಿಳಿವಳಿಕೆ ಹೆಚ್ಚುತ್ತಿದೆ. ಗೋಡೆಯನ್ನು ಸೀಳುವ ಅರಳಿಯ ಬೇರನ್ನು ತೆಗೆಯಬೇಕು, ನಿಜ. ಆದರೆ ಕಟ್ಟಡಕ್ಕೆ ಅಪಾಯ ತಾರದ ಪೊಟರೆಯನ್ನೂ ಮರವನ್ನೂ ಉಳಿಸಿದರೆ ಸ್ಮಾರಕಕ್ಕೆ ನಷ್ಟವೇನಿಲ್ಲ.

ಆದ್ದರಿಂದ ಮುಂದಿನ ಪ್ರವಾಸದಲ್ಲಿ ಶಾಸನಪಾಠದ ಜೊತೆಗೆ ಇನ್ನೊಂದು ಪುಟ ತೆರೆಯೋಣ. ಸೂರ್ಯೋದಯದ ವೇಳೆಗೆ ತಲುಪಿ ಗೂಡಿನಿಂದ ದೂರ ನಿಂತು, ಮೊಬೈಲಿನಲ್ಲಿ ಹಕ್ಕಿಯ ಕೂಗು ನುಡಿಸಿ ಅದನ್ನು ಕರೆಯದೆ ನೋಡೋಣ. ದಿನಾಂಕ, ಸ್ಥಳ, ಹಕ್ಕಿಯ ವರ್ತನೆ, ಊರ ಹಿರಿಯರು ಹೇಳಿದ ಕನ್ನಡದ ಹೆಸರು, ಮರಾಠಿಯ ಹೆಸರು ಇವಿಷ್ಟನ್ನು ಅವರ ಉಚ್ಚಾರದಲ್ಲಿಯೇ ಬರೆದಿಟ್ಟುಕೊಂಡರೆ ಸಾಕು. ಪ್ರತಿ ವರ್ಷ ಒಂದೊಂದು ತಂಡ ಈ ಕೆಲಸ ಮಾಡಿದರೆ, ನಮ್ಮ ವಿಭಾಗದ ಕಪಾಟಿನಲ್ಲಿ ಯಾವ ನಿಘಂಟಿನಲ್ಲಿಯೂ ಸಿಗದ ಪದಗಳ ಕಟ್ಟೊಂದು ಸಿದ್ಧವಾಗುತ್ತದೆ.