ಮೈನಸ್ ಹತ್ತು ಅಂತ ಬರೆದಿತ್ತಲ್ಲಾ...

ತುಂಬಾ ದಿನ ಆಯ್ತು ಈ ಕಡೆ ಬಂದು. ರಿಲೀಸು, ಡೆಡ್‌ಲೈನು ಅನ್ನೋ ಹಳೇ ನೆಪ ಇದ್ದೇ ಇದೆ, ಬಿಡಿ. ಮೊನ್ನೆ ಆಫೀಸಿನ ಗೆಳೆಯನೊಬ್ಬ ನನ್ನ ಡೆಸ್ಕಿಗೆ ಬಂದು, "ಲೇ, ಡಿಸೆಂಬರ್‌ಗೆ ಹಿಮಾಲಯ ಫಿಕ್ಸ್ ಆಯ್ತು. ಡೌನ್ ಸ್ಲೀಪಿಂಗ್ ಬ್ಯಾಗ್ ತಗೋತಿದೀನಿ. ನೋಡು, ಬರೀ 800 ಗ್ರಾಂ, ಮೈನಸ್ ಹತ್ತಕ್ಕೂ ಬರುತ್ತಂತೆ!" ಅಂತ ಮೊಬೈಲು ಮುಖಕ್ಕೆ ಹಿಡಿದ. ನೋಡಿದ ಕೂಡಲೇ ಹೊಟ್ಟೆಯೊಳಗೆ ಒಂಥರಾ ಆಯ್ತು. ಯಾಕೆ ಅಂತ ಹೇಳೋದಕ್ಕೇ ಈ ಬರಹ.

2022ರ ಡಿಸೆಂಬರ್‌ನಲ್ಲಿ ನಾನು, ನನ್ನ ತಂಗಿ ಉತ್ತರಾಖಂಡದ ಕೇದಾರಕಂಠಕ್ಕೆ ಹೋಗಿದ್ವಿ. ಸಾಂಕ್ರಿ ಅನ್ನೋ ಊರಿಂದ ಹತ್ತೋದು, ತುದಿ ಸುಮಾರು 3,800 ಮೀಟರ್. ಅವಳಿಗೆ ಅದು ಮೊದಲ ಹಿಮ. ಭಾರ ಆಗಬಾರದು ಅಂತ ಒಂದು ವಾರ ಕೂತು, ಸ್ಪ್ರೆಡ್‌ಶೀಟ್ ಮಾಡಿ, ಗ್ರಾಂ ಲೆಕ್ಕ ಹಾಕಿ, ಹೊಸಾ ಡೌನ್ ಬ್ಯಾಗ್ ಕೊಡಿಸಿದ್ದೆ. ಮೇಲೆ ದಪ್ಪಕ್ಷರದಲ್ಲಿ 'ಮೈನಸ್ 10' ಅಂತ ಇತ್ತು. ನಾನು ಮಾತ್ರ ಸಹೋದ್ಯೋಗಿಯ ಹತ್ರ ಸಾಲ ತಂದ, ಎರಡು ಕೇಜಿ ತೂಗೋ, ಹಳೇ ಸಿಂಥೆಟಿಕ್ ಮೂಟೆ ಹೊತ್ತಿದ್ದೆ. ತ್ಯಾಗಮೂರ್ತಿ ಅಣ್ಣ!

ರಾತ್ರಿ ಮೂಟೆಯೊಳಗೆ ನಾನು ಗೊರಕೆ ಹೊಡೆದೆ. ತಂಗಿ ಬೆಳಗಿನ ತನಕ ನಡುಗುತ್ತಾ ಕೂತಿದ್ದಳು. ನನ್ನ ನಿದ್ದೆ ಹಾಳಾಗಬಾರದು ಅಂತ ಎಬ್ಬಿಸಲಿಲ್ಲ ಅಂತೆ. ಬೆಳಗ್ಗೆ ಮಾತಾಡಿಸಿದರೆ ಅವಳ ನಾಲಿಗೆ ಸರಿಯಾಗಿ ಹೊರಳುತ್ತಿರಲಿಲ್ಲ. ನನಗೆ ಅದು ಏನು ಅಂತ ತಕ್ಷಣ ಹೊಳೆಯಲೂ ಇಲ್ಲ. ನಮ್ಮ ಗೈಡ್ ನೋಡಿದವನೇ ಒಣ ಬಟ್ಟೆ ಹಾಕಿಸಿ, ಬಿಸಿ ನೀರು ತುಂಬಿದ ಬಾಟಲಿ ಕೊಟ್ಟು ನನ್ನ ಮೂಟೆಯೊಳಗೆ ಮಲಗಿಸಿದ. ಎರಡು ಗಂಟೆ ಆದಮೇಲೆ ಸರಿಹೋದಳು. ತುದಿ ನೋಡದೇ ಇಳಿದ್ವಿ.

ಬೆಂಗಳೂರಿಗೆ ಬಂದು ಆ ಬ್ಯಾಗಿನ ಒಳಗೆ ಹೊಲಿದಿದ್ದ ಚೀಟಿ ಓದಿದೆ. ಕಂಫರ್ಟ್ 8. ಲಿಮಿಟ್ 4. ಎಕ್ಸ್‌ಟ್ರೀಮ್ ಮೈನಸ್ 10. ಓದೋಕೆ ಬರುತ್ತೆ ನನಗೆ, ಇಂಜಿನಿಯರು ಬೇರೆ. ಕೊಳ್ಳೋವಾಗ ಓದಿರಲಿಲ್ಲ, ಅಷ್ಟೇ.

ಈ ಮೂರು ಅಂಕಿಗಳ ಕಥೆ ಹೀಗಿದೆ. ಮೊದಲು ಒಂದೊಂದು ಕಂಪನಿ ಒಂದೊಂದು ಥರ ಬರೆದುಕೊಳ್ಳುತ್ತಿದ್ದವು. 2002ರಲ್ಲಿ ಯುರೋಪಿನಲ್ಲಿ ಇಎನ್ 13537 ಅನ್ನೋ ಮಾನದಂಡ ಬಂತು, 2016ರಲ್ಲಿ ಅದರ ಜಾಗಕ್ಕೆ ಐಎಸ್ಒ 23537 ಬಂತು. ಒಳಗೆ ಹೀಟರ್ ಇರೋ ಒಂದು ಗೊಂಬೆಗೆ ಒಳಉಡುಪು ತೊಡಿಸಿ, ಮ್ಯಾಟ್ ಮೇಲೆ ಬ್ಯಾಗಿನೊಳಗೆ ಮಲಗಿಸಿ, ಥಂಡಿ ಕೋಣೆಯಲ್ಲಿ ಅಳೆಯುತ್ತಾರೆ. ಕಂಫರ್ಟ್ ಅಂದರೆ ಒಬ್ಬ ಸಾಮಾನ್ಯ ಹೆಂಗಸು ಆರಾಮಾಗಿ, ಚಳಿ ಅನ್ನಿಸದೇ ಮಲಗಬಹುದಾದ ಉಷ್ಣಾಂಶ. ಲಿಮಿಟ್ ಅಂದರೆ ಒಬ್ಬ ಸಾಮಾನ್ಯ ಗಂಡಸು ಮುದುಡಿಕೊಂಡು ಹೇಗೋ ಸುಧಾರಿಸಬಹುದಾದದ್ದು. ಎಕ್ಸ್‌ಟ್ರೀಮ್ ಅಂದರೆ ಆ ಹೆಂಗಸು ಆರು ಗಂಟೆ ಸಾಯದೇ ಇರಬಹುದಾದದ್ದು. ನಿದ್ದೆಯ ಮಾತೇ ಇಲ್ಲ ಅಲ್ಲಿ! ನಾನು ತಂಗಿಗೆ ದುಡ್ಡು ಕೊಟ್ಟು ಕೊಡಿಸಿದ್ದು ಈ ಮೂರನೇ ಅಂಕಿ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ. ಲೈಟ್‌ವೈಟ್, ಲೈಟ್‌ವೈಟ್ ಅಂತ ನಾವು ತೂಕದಿಂದ ಶುರುಮಾಡುತ್ತೀವಲ್ಲ, ಅದೇ ತಪ್ಪು. ಹೋಗೋ ಜಾಗದಲ್ಲಿ ರಾತ್ರಿ ಎಷ್ಟು ಚಳಿ ಇರುತ್ತೆ ಅಂತ ಮೊದಲು ತಿಳಿದುಕೊಳ್ಳಿ. ಕಂಫರ್ಟ್ ಅಂಕಿ ಅದಕ್ಕಿಂತ ಕೆಳಗಿರೋ ಬ್ಯಾಗುಗಳನ್ನು ಮಾತ್ರ ಪಟ್ಟಿ ಮಾಡಿ. ಗಂಡಸರೂ ಅದನ್ನೇ ನೋಡಿ, ಮೀಸೆಗೇನೂ ಮಣ್ಣಾಗಲ್ಲ. ತೂಕ ನೋಡೋದು ಆಮೇಲೆ, ಆ ಪಟ್ಟಿಯೊಳಗೆ. ಚೀಟಿಯಲ್ಲಿ ಬರೀ ಒಂದೇ ಅಂಕಿ ಇದ್ದರೆ, ಯಾವ ಅಂಕಿ ಅಂತ ಹೇಳದಿದ್ದರೆ, ವಾಪಸ್ ಇಟ್ಟುಬಿಡಿ.

ಇನ್ನು 'ಫಿಲ್ ಪವರ್' ಅನ್ನೋ ಮಾಯೆ. ಡೌನ್ ಅಂದರೆ ಬಾತು, ಹೆಬ್ಬಾತುಗಳ ದೊಡ್ಡ ಗರಿಗಳ ಕೆಳಗಿರೋ ಮೆತ್ತನೆ ತುಪ್ಪಳ (ಸರ್ವರ್ ಡೌನ್ ಅಲ್ಲ!). ಬೆಚ್ಚಗಿಡೋದು ಅದು ಹಿಡಿದಿಟ್ಟುಕೊಳ್ಳೋ ಗಾಳಿ. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತುಪ್ಪಳ ಎಷ್ಟು ಘನ ಅಂಗುಲ ಉಬ್ಬುತ್ತೆ ಅನ್ನೋದೇ ಫಿಲ್ ಪವರ್. 800 ಅಂದ ಕೂಡಲೇ 600ಕ್ಕಿಂತ ಬೆಚ್ಚಗೆ ಅಂದುಕೊಳ್ಳುತ್ತೀವಿ. ಅಲ್ಲ! ಒಳಗೆ ಎಷ್ಟು ಗ್ರಾಂ ತುಂಬಿದ್ದಾರೆ ಅಂತಲೂ ಕೇಳಬೇಕು. 800ರದ್ದು 300 ಗ್ರಾಂ, 600ರದ್ದು 400 ಗ್ರಾಂ, ಗುಣಿಸಿ ನೋಡಿ, ಎರಡೂ ಉಬ್ಬೋದು ಅಷ್ಟೇ. ವ್ಯತ್ಯಾಸ 100 ಗ್ರಾಂ, ಅರ್ಧ ಲೋಟ ನೀರಿನ ತೂಕ. ಆ ಅರ್ಧ ಲೋಟಕ್ಕೆ ಎಷ್ಟು ಸಾವಿರ ಜಾಸ್ತಿ ಕೊಡೋದು ಅನ್ನೋದು ನಿಮ್ಮ ಜೇಬಿಗೆ ಬಿಟ್ಟದ್ದು. ನಾನಂತೂ ಕೊಡಲ್ಲ.

ಹೊಲಿಗೆನೂ ನೋಡಿ. ಮೇಲಿನ ಬಟ್ಟೆ, ಕೆಳಗಿನ ಬಟ್ಟೆ ಸೇರಿಸಿ ನೇರ ಹೊಲಿದಿದ್ದರೆ ಆ ಹೊಲಿಗೆಯ ಗೆರೆಯುದ್ದಕ್ಕೂ ತುಪ್ಪಳವೇ ಇರಲ್ಲ, ಚಳಿ ಅಲ್ಲಿಂದಲೇ ನುಗ್ಗುತ್ತೆ. ಎರಡರ ಮಧ್ಯೆ ಗೋಡೆ ಥರ ಪಟ್ಟಿ ಕೊಟ್ಟು ಹೊಲಿದಿರೋದು ಚಳಿಗಾಲಕ್ಕೆ ಬೇಕು. ಅದಕ್ಕಿಂತ ಮುಖ್ಯ ಮ್ಯಾಟು. ಮೈ ಕೆಳಗೆ ಸಿಕ್ಕ ತುಪ್ಪಳ ಅಪ್ಪಚ್ಚಿಯಾಗಿ ಕೆಲಸಕ್ಕೇ ಬರಲ್ಲ. ಹಿಮದ ಮೇಲೆ ಒಂದು ಫೋಮ್ ಮ್ಯಾಟ್ ಸಾಲದು. ಎರಡು ಹಾಸಿದರೆ ಅವುಗಳ ಆರ್-ವ್ಯಾಲ್ಯೂ ಕೂಡುತ್ತೆ. ನಾವು ಒಂದೊಂದೇ ಹಾಸಿದ್ವಿ, ಅದೂ ನನ್ನದೇ ಸ್ಪ್ರೆಡ್‌ಶೀಟಿನ ಉಳಿತಾಯ.

ಮತ್ತೆ ನಮ್ಮ ಮಲೆನಾಡಿಗೆ ಡೌನ್ ಯಾಕ್ರೀ? ಕುಮಾರಪರ್ವತದ ಕಡೆಯಾಗಲಿ, ಕುದುರೆಮುಖದ ಕಡೆಯಾಗಲಿ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯೋದೇ ಅಪರೂಪ. ಅಲ್ಲಿರೋದು ಇಬ್ಬನಿ, ಮಂಜು, ಜಿಟಿಜಿಟಿ. ಒದ್ದೆಯಾದ ತುಪ್ಪಳ ಮುದ್ದೆ ಕಟ್ಟುತ್ತೆ, ಒಣಗೋಕೆ ದಿನಗಟ್ಟಲೆ ಬೇಕು. ತೆಳುವಾದ ಸಿಂಥೆಟಿಕ್ ಬ್ಯಾಗು ಒದ್ದೆಯಾದರೂ ಸ್ವಲ್ಪ ಬೆಚ್ಚಗಿರುತ್ತೆ, ಬೇಗ ಒಣಗುತ್ತೆ. ಮಲೆನಾಡಿನ ಹಳಬರು ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡೇ ಗದ್ದೆಗೆ ಇಳಿಯುತ್ತಿದ್ದರು. ಅವರಿಗೆ ಈ ವಿಷಯ ಯಾರೂ ಹೇಳಿಕೊಡಬೇಕಿರಲಿಲ್ಲ. ಅಜ್ಜನ ಕಂಬಳಿ ಹೊತ್ತು ಗುಡ್ಡ ಹತ್ತಿ ಅಂತ ಹೇಳ್ತಿಲ್ಲ, ಅದರ ಭಾರ ನನಗೂ ಗೊತ್ತು!

ಡೌನ್‌ಗೆ ಅದರದ್ದೇ ಜಾಗ ಇದೆ, ಒಣ ಚಳಿಯ ಜಾಗ. 1922ರ ಎವರೆಸ್ಟ್ ಯಾತ್ರೆಯಲ್ಲಿ ಎಲ್ಲರೂ ಉಣ್ಣೆ, ಟ್ವೀಡ್ ತೊಟ್ಟಿದ್ದಾಗ ಜಾರ್ಜ್ ಫಿಂಚ್ ಎಂಬ ರಸಾಯನಶಾಸ್ತ್ರಜ್ಞ ಬಲೂನಿನ ಬಟ್ಟೆಯೊಳಗೆ ಐಡರ್ ಬಾತಿನ ತುಪ್ಪಳ ತುಂಬಿದ ಕೋಟು ಮಾಡಿಸಿಕೊಂಡು ಹೋಗಿದ್ದ. ಮೊದಲು ನಗೆಪಾಟಲಾದರೂ ಕೊನೆಗೆ ಬೆಚ್ಚಗಿದ್ದವನು ಅವನೇ. (ಇದೇ ಫಿಂಚ್ 1950ರ ದಶಕದಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕನಾಗಿದ್ದ ಅಂತ ತಿಳಿದಾಗ ನನಗೆ ಭಾರೀ ಖುಷಿಯಾಯ್ತು.)

ಇನ್ನೊಂದು ಮಾತು, ಕೆಲವರಿಗೆ ರುಚಿಸದೇ ಇರಬಹುದು. ತುಪ್ಪಳ ಹೆಚ್ಚಾಗಿ ಮಾಂಸದ ಉದ್ಯಮದಿಂದ ಬರುತ್ತೆ, ಆದರೆ ಜೀವಂತ ಹಕ್ಕಿಯಿಂದ ಕಿತ್ತಿರೋದೂ ಉಂಟು. 2014ರಿಂದ 'ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್' ಅನ್ನೋ ಪ್ರಮಾಣಪತ್ರ ಇದೆ, ಅದು ಜೀವಂತ ಹಕ್ಕಿಯಿಂದ ಕೀಳೋದನ್ನು ಒಪ್ಪಲ್ಲ. ಕೊಳ್ಳೋದೇ ಆದರೆ ಅದಿದೆಯಾ ನೋಡಿ. ಎರಡು ವರ್ಷಕ್ಕೊಮ್ಮೆ ಹಿಮಾಲಯಕ್ಕೆ ಹೋಗೋರಾದರೆ ಬಾಡಿಗೆ ತಗೊಳ್ಳಿ, ಚೀಟಿ ಓದಿ. ಕೊಂಡರೆ ಪುಟ್ಟ ಚೀಲದಲ್ಲಿ ತುರುಕಿ ಅಟ್ಟಕ್ಕೆ ಎಸೆಯಬೇಡಿ, ದೊಡ್ಡ ಹತ್ತಿ ಚೀಲದಲ್ಲಿ ಸಡಿಲವಾಗಿಡಿ. ಒತ್ತಿಟ್ಟ ತುಪ್ಪಳ ಉಬ್ಬೋದು ಮರೆಯುತ್ತೆ.

ಗೆಳೆಯನಿಗೆ ಇಷ್ಟೂ ಹೇಳಿದೆ. "ನೀನು ಹೆದರಿಸ್ತೀಯ ಮಾರಾಯ" ಅಂದ. ಆದರೂ ಚೀಟಿಯ ಫೋಟೋ ಕಳಿಸು ಅಂತ ಅಂಗಡಿಯವರಿಗೆ ಮೆಸೇಜ್ ಮಾಡಿದ್ದಾನೆ. ಉತ್ತರ ಇನ್ನೂ ಬಂದಿಲ್ಲ.

ತಂಗಿ ಈ ಡಿಸೆಂಬರ್‌ಗೆ ಮತ್ತೆ ಕೇದಾರಕಂಠಕ್ಕೆ ಹೋಗೋಣ ಅಂತಿದಾಳೆ. ಒಂದೇ ಕಂಡೀಷನ್ನು: "ಬ್ಯಾಗ್ ನಾನೇ ಆರಿಸ್ತೀನಿ, ನೀನು ಸ್ಪ್ರೆಡ್‌ಶೀಟ್ ಮುಟ್ಟಬೇಡ."

ನಿಮ್ಮಲ್ಲಿ ಯಾರಾದರೂ ಹೀಗೆ ಚಳಿ ತಿಂದಿದ್ದರೆ ಬರೆಯಿರಿ. ಓದೋಕೆ ಕಾಯ್ತಿರ್ತೀನಿ.