ಅಜ್ಜಿಯ ಕೆಂಪು ಸೆರಗು ಎಲ್ಲಿ ಹೋಯ್ತು?

ದೀಪಾವಳಿ ರಜೆಗೆ ಊರಿಗೆ ಹೋದಾಗ ಒಂದು ಕಿರುಚಿತ್ರ ಮಾಡುವ ಹುಚ್ಚು ಹತ್ತಿತ್ತು. ಜೇವರ್ಗಿ ತಾಲ್ಲೂಕಿನ ನಮ್ಮ ಅಜ್ಜಿಯ ಹಳೇ ಮನೆಯನ್ನು ಆ ವಾರದ ಕೊನೆಗೆ ಕೆಡವುವವರಿದ್ದರು. ಅದಕ್ಕೂ ಮೊದಲು ಅಜ್ಜಿಯನ್ನು ಆ ಮನೆಯೊಳಗೇ ಕೂರಿಸಿ ಚಿತ್ರೀಕರಿಸಬೇಕು, ಅದೂ ಕಪ್ಪು-ಬಿಳುಪಿನಲ್ಲಿ. ಹಳೇ ನೆನಪು ಅಂದರೆ ಹಾಗೇ ಇರಬೇಕು ಅಂತ ನನ್ನ ಲೆಕ್ಕ.

ಮೊದಲು ಆಳಂದದ ದಾರಿಯ ತೊಗರಿ ಹೊಲ, ಆಮೇಲೆ ಅಫಜಲಪುರದ ಹತ್ತಿರ ಭೀಮಾ ದಂಡೆ. ಎರಡೂ ಚೆನ್ನಾಗಿಯೇ ಬಂದವು. ಹಸಿರೆಲೆಯ ನಡುವೆ ತೊಗರಿಯ ಹಳದಿ ಹೂ ಚುಕ್ಕಿ ಇಟ್ಟಂತೆ ಹೊಳೆಯುತ್ತಿತ್ತು. ಮೂರನೇ ದಿನ ಅಜ್ಜಿ ಮದುವೆಯ ಇಳಕಲ್ ಸೀರೆ ಉಟ್ಟು, ಕೆಂಪು ಸೆರಗು ಹೊದ್ದು, ಪಡಸಾಲೆಯ ಗಾಢ ಹಸಿರು ಗೋಡೆಗೆ ಒರಗಿ ಕೂತಳು. ಕಣ್ಣಿಗೆ ಹಬ್ಬ!

ರಾತ್ರಿ ತೋರಿಸಿದೆ. ಅಜ್ಜಿ ಮೊಬೈಲ್ ಹತ್ತಿರ ಹಿಡಿದು, "ನನ್ ಸೀರಿ ಎಲ್ಲಿ ಹೋತೋ? ಗ್ವಾಡಿನೇ ಸೀರಿ ಉಟ್ಟಂಗ ಕಾಣಲತ್ತದ" ಅಂದಳು. ನಿಜ. ಸೆರಗು, ಗೋಡೆ ಎರಡೂ ಒಂದೇ ಬೂದು. ನಡುವೆ ಮುಖವೊಂದೇ ತೇಲುತ್ತಿತ್ತು.

ಆಗ ಲೆಕ್ಕ ಹಾಕಿದೆ. ಬಣ್ಣವನ್ನು ಬೂದಾಗಿಸುವಾಗ ಸಾಮಾನ್ಯವಾಗಿ ಬಳಸುವ ಒಂದು ಸೂತ್ರದಲ್ಲಿ ಹಸಿರಿಗೆ ಸುಮಾರು 59 ಪಾಲು, ಕೆಂಪಿಗೆ 30, ನೀಲಿಗೆ 11. ಪೂರ್ತಿ ಕೆಂಪು (255) ಬೂದಾದರೆ 76. ಹಸಿರು 130 ಇದ್ದರೂ ಅದೇ 76! ಕಣ್ಣಿಗೆ ಹೊಡೆದಾಡುವ ಎರಡು ಬಣ್ಣ ಕ್ಯಾಮೆರಾಗೆ ಅವಳಿ-ಜವಳಿ. ಹಳದಿ ಮಾತ್ರ 226, ಅದಕ್ಕೇ ತೊಗರಿ ಹೂ ಮಿಂಚಿದ್ದು.

ಹಳಬರಿಗೆ ಇದು ಗೊತ್ತಿತ್ತು. 'ಸೈಕೋ' (1960) ಚಿತ್ರದ ರಕ್ತ ನಿಜಕ್ಕೂ ಚಾಕೊಲೇಟ್ ಸಿರಪ್. 1964ರ 'ದಿ ಆಡಮ್ಸ್ ಫ್ಯಾಮಿಲಿ' ಧಾರಾವಾಹಿಯ ಭೂತದ ಮನೆಯ ಸೆಟ್ಟಿಗೆ ಗುಲಾಬಿ ಬಣ್ಣ! 'ಕಾಗಜ್ ಕೆ ಫೂಲ್' (1959) ಚಿತ್ರೀಕರಿಸಿದ ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು ಬೆಳಕಿನಿಂದಲೇ ಮನುಷ್ಯನನ್ನು ಕತ್ತಲಿನಿಂದ ಬಿಡಿಸಿ ತೋರಿಸಿದವರು.

ನಾನು ಮಾಡಿದ ದೊಡ್ಡ ತಪ್ಪು, ನೇರವಾಗಿ ಕಪ್ಪು-ಬಿಳುಪು ಮೋಡ್‌ನಲ್ಲೇ ತೆಗೆದಿದ್ದು. ಬಣ್ಣದಲ್ಲಿ ತೆಗೆದಿದ್ದರೆ ಎಡಿಟಿಂಗ್‌ನಲ್ಲಿ ಕೆಂಪನ್ನಷ್ಟೇ ಎತ್ತಿ ಸೆರಗನ್ನು ಉಳಿಸಬಹುದಿತ್ತು. ಈಗ ಅಲ್ಲಿ ಬಣ್ಣವೇ ಇಲ್ಲ, ಎತ್ತೋದೇನನ್ನ?

ಮರುದಿನ ಒಂದು ಬಕೆಟ್ ಸುಣ್ಣ ಕಲಸಿದೆ. ಬರೀ ಬಿಳಿಯಾದರೆ ಗೋಡೆ ಹೊಳೆದು ಮುಖ ಕಪ್ಪಾಗುತ್ತೆ ಅಂತ ಒಂದು ಹಿಡಿ ಕೆಮ್ಮಣ್ಣು ಸೇರಿಸಿದೆ. ಓಣಿಯವರು ಬಾಗಿಲಲ್ಲಿ ನಿಂತು ನಕ್ಕರು: "ಕೆಡವೋ ಗ್ವಾಡಿಗಿ ಯಾರರ ಸುಣ್ಣ ಹಚ್ತಾರೇನು?" ಅಜ್ಜಿ ನಗಲಿಲ್ಲ. ಮೊಣಕಾಲು ನೋವಿದ್ದರೂ ಮತ್ತೆ ಅದೇ ಸೀರೆ ಉಟ್ಟು ಬಂದು ಕೂತಳು. ಒಣಗಿದ ಗೋಡೆಯನ್ನು ಒಮ್ಮೆ ಅಂಗೈಯಿಂದ ಸವರಿದಳು. ಅದನ್ನೂ ತೆಗೆದುಕೊಂಡೆ.

ನೀವೂ ಹೀಗೇನಾದರೂ ತೆಗೆಯೋದಾದರೆ ಮೊದಲು ಒಂದು ಫೋಟೊ ಹೊಡೆದು, ಬಣ್ಣ ಸೊನ್ನೆ ಮಾಡಿ ನೋಡಿ. ಮುಖ, ಬಟ್ಟೆ, ಗೋಡೆ ಮೂರೂ ಬೇರೆ ಬೇರೆ ಕಾಣಬೇಕು. ಚಿತ್ರೀಕರಣ ಮಾತ್ರ ಬಣ್ಣದಲ್ಲೇ ಇರಲಿ.

ಆ ಗೋಡೆ ಈಗಿಲ್ಲ. ಸೆರಗು ಕಾಣುತ್ತದೆ.