ಅನಿಲ ಹಡಗುಗಳೂ ಬಂದರಿನ ಪೂರ್ವಾಭ್ಯಾಸವೂ

1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಸ್ಫೋಟಕ ಹಾಗೂ ಹತ್ತಿ ಹೊತ್ತಿದ್ದ 'ಫೋರ್ಟ್ ಸ್ಟಿಕೈನ್' ಹಡಗು ಸಿಡಿದಾಗ 66 ಅಗ್ನಿಶಾಮಕ ಸಿಬ್ಬಂದಿಯೂ ಸೇರಿ ನೂರಾರು ಜನ ಪ್ರಾಣ ತೆತ್ತರು. ಆ ದಿನವನ್ನು ದೇಶವು ಇಂದಿಗೂ ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುತ್ತದೆ. ಬಂದರಿನ ತಪ್ಪು ಬಂದರಿನಲ್ಲೇ ಉಳಿಯದು, ಊರನ್ನೇ ತಟ್ಟುತ್ತದೆ ಎಂಬ ಪಾಠವನ್ನು ಮುಂಬಯಿವಾಸಿಗಳಾದ ನಾವು ಮರೆಯುವಂತಿಲ್ಲ.

ಇಂದು ನಮ್ಮ ಪಶ್ಚಿಮ ಕರಾವಳಿಗೆ ಬೇರೊಂದು ಬಗೆಯ ಸರಕು ಬರುತ್ತಿದೆ. ದಹೇಜ್‌ಗೆ 2004ರಿಂದ ದ್ರವೀಕೃತ ನೈಸರ್ಗಿಕ ಅನಿಲದ ಹಡಗುಗಳು ಬರುತ್ತಿದ್ದು, ಆಮೇಲೆ ಹಜೀರಾ, ದಾಭೋಳ, ಕೊಚ್ಚಿಗಳೂ ಆ ಸಾಲಿಗೆ ಸೇರಿದವು. ನಮ್ಮಲ್ಲಿ ಅನೇಕರ ತವರಾದ ಮಂಗಳೂರಿನ ಬಂದರಿನಲ್ಲಿ ಅಡುಗೆ ಅನಿಲದ ಹಡಗುಗಳು ತಂಗುತ್ತವೆ.

ಮೈನಸ್ 162 ಡಿಗ್ರಿಗೆ ತಂಪಾಗಿಸಿದ ನೈಸರ್ಗಿಕ ಅನಿಲದ ಗಾತ್ರ ಸುಮಾರು 600 ಪಟ್ಟು ಕುಗ್ಗುತ್ತದೆ. ಅದನ್ನು ಸಾಗಿಸುವ ಹಡಗುಗಳ ಉದ್ದ ಸಾಮಾನ್ಯವಾಗಿ 290 ಮೀಟರಿನಷ್ಟು. ಅತಿ ದೊಡ್ಡವು 345 ಮೀಟರ್. ಸರಕು ಹಗುರವಾದುದರಿಂದ ಹಡಗಿನ ಹೆಚ್ಚಿನ ಭಾಗ ನೀರಿನ ಮೇಲೆ ಎತ್ತರಕ್ಕೆ ನಿಂತು, ಅದರ ಪಾರ್ಶ್ವವು ಹಾಯಿಯಂತೆ ಗಾಳಿಗೆ ಒಡ್ಡಿಕೊಳ್ಳುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಮಡಿಯಾಗುತ್ತದೆ. ಧಕ್ಕೆಯನ್ನು ಸಮೀಪಿಸುವಾಗ ವೇಗ ತಗ್ಗಿಸಲೇಬೇಕು. ವೇಗ ತಗ್ಗಿದಷ್ಟೂ ಚುಕ್ಕಾಣಿಯ ಹಿಡಿತ ಸಡಿಲವಾಗುತ್ತದೆ. ಆಗ ಹಡಗನ್ನು ಕಾಯುವುದು ಟಗ್ ದೋಣಿಗಳು ಮತ್ತು ಪೈಲಟರ ಅನುಭವ.

ಈ ಅನುಭವವನ್ನು ಅಪಾಯವಿಲ್ಲದೆ ಗಳಿಸುವ ಸಾಧನವೇ ಸಿಮ್ಯುಲೇಟರ್. ಹಡಗಿನ ಚಾಲನಾ ಕೊಠಡಿಯನ್ನೇ ಹೋಲುವ ಕೋಣೆಯಲ್ಲಿ ಪರದೆಯ ಮೇಲೆ ಬಂದರು ಮೂಡುತ್ತದೆ. ಗಾಳಿ, ಅಲೆ, ಉಬ್ಬರವಿಳಿತಗಳನ್ನು ಬೇಕಾದಂತೆ ಬದಲಿಸಬಹುದು. ನಡುದಾರಿಯಲ್ಲಿ ಎಂಜಿನ್ ನಿಂತರೆ? ಒಂದು ಟಗ್‌ನ ಹಗ್ಗ ಕಡಿದರೆ? ನಿಜದಲ್ಲಿ ಒಮ್ಮೆಯೂ ಸಂಭವಿಸಬಾರದುದನ್ನು ಇಲ್ಲಿ ಹತ್ತು ಸಲ ಸಂಭವಿಸುವಂತೆ ಮಾಡಿ, ಪರಿಹಾರವನ್ನು ಅರಸಬಹುದು. ಧಕ್ಕೆ ಕಟ್ಟುವ ಮುನ್ನವೇ ಕಾಲುವೆಯ ಅಗಲ, ತಿರುಗುವ ಜಾಗ, ಟಗ್‌ಗಳ ಸಂಖ್ಯೆಯನ್ನೂ ಪರೀಕ್ಷಿಸಬಹುದು.

ಆದರೆ ಯಂತ್ರವೊಂದರಿಂದಲೇ ಸುರಕ್ಷತೆ ಬಾರದು. ಬ್ಯಾಂಕುಗಳಲ್ಲಿ ನಾವೂ 'ಒತ್ತಡ ಪರೀಕ್ಷೆ' ನಡೆಸುತ್ತೇವೆ. ಸಾಲಗಳು ಮುಳುಗಿದರೆ ಬಂಡವಾಳ ಉಳಿದೀತೇ ಎಂದು ಲೆಕ್ಕ ಹಾಕುತ್ತೇವೆ. ಫಲಿತಾಂಶ ಕಡತ ಸೇರಿ, ಸಾಲ ನೀಡಿಕೆ ಮೊದಲಿನಂತೆಯೇ ಸಾಗಿದರೆ ಆ ಪರೀಕ್ಷೆ ವ್ಯರ್ಥ. ಬಂದರಿಗೂ ಇದೇ ಮಾತು ಸಲ್ಲುತ್ತದೆ. ಇಂತಿಷ್ಟು ಗಾಳಿಯ ಮೇಲೆ ಹಡಗನ್ನು ಒಳತರಬಾರದೆಂದು ಸಿಮ್ಯುಲೇಟರ್ ತೋರಿಸಿದರೆ, ಅದು ಬಂದರಿನ ಲಿಖಿತ ನಿಯಮವಾಗಬೇಕು. ಕಾಯುವ ಪ್ರತಿ ದಿನಕ್ಕೂ ಬಾಡಿಗೆ ಏರುತ್ತಿರುವಾಗ 'ಇಂದು ಬೇಡ' ಎನ್ನುವ ಪೈಲಟನಿಗೆ ಆಡಳಿತದ ಬೆಂಬಲವಿರಬೇಕು. ಅಭ್ಯಾಸದಲ್ಲಿ ಪೈಲಟರ ಜೊತೆಗೆ ಟಗ್ ಚಾಲಕರೂ ಕೂಡಬೇಕು. ಸಂಕಟದ ಕ್ಷಣದಲ್ಲಿ ಇವರಿಬ್ಬರು ಒಬ್ಬರ ಮಾತನ್ನೊಬ್ಬರು ಅರಿಯುವುದೇ ನಿರ್ಣಾಯಕ.

ಅನಿಲ ಹಡಗುಗಳ ಸುರಕ್ಷತಾ ಇತಿಹಾಸ ಒಟ್ಟಾರೆ ಸಮಾಧಾನಕರವಾಗಿದೆ ಎಂಬುದೂ ನಿಜ. ಆದರೆ ಸಮಾಧಾನವು ಮೈಮರೆವಿಗೆ ಎಡೆಯಾಗಬಾರದು. 2010ರ ಆಗಸ್ಟ್ 7ರಂದು ಮುಂಬಯಿ ಬಂದರಿನ ಹೊರಗೆ 'ಎಂಎಸ್‌ಸಿ ಚಿತ್ರಾ' ಮತ್ತು 'ಖಲೀಜಿಯಾ 3' ಡಿಕ್ಕಿಯಾಗಿ, ಎಣ್ಣೆ ಸೋರಿ, ಕಂಟೇನರುಗಳು ಕಡಲಿಗುರುಳಿ, ಹಡಗು ಸಂಚಾರವೇ ಸ್ತಬ್ಧವಾದುದನ್ನು ನಾವು ಕಂಡಿದ್ದೇವೆ. ಅಂದಿನ ಸರಕು ಅನಿಲವಾಗಿರಲಿಲ್ಲ. ಆ ಅದೃಷ್ಟವನ್ನೇ ನಂಬಿ ಕೂರುವುದಕ್ಕಿಂತ, ಪರದೆಯ ಮೇಲೆ ನೂರು ಬಾರಿ ಸೋತು ಕಲಿಯುವುದು ಲೇಸು.